ಬೇರಿಗೆಷ್ಟು, ಎಲೆಗೆಷ್ಟು, ಕಾಳಿಗೆಷ್ಟು? ಗಿಡದ ಪಾಲು ಲೆಕ್ಕಕ್ಕೆ ನೂರು ವರ್ಷ

1919ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ವಿ. ಎಚ್. ಬ್ಲ್ಯಾಕ್‌ಮನ್ ಗಿಡದ ಬೆಳವಣಿಗೆಗೆ ಚಕ್ರಬಡ್ಡಿಯ ಲೆಕ್ಕ ಹಾಕಿದರು. ಇವತ್ತು ಬಂದ ಎಲೆ ನಾಳೆ ತಾನೂ ದುಡಿಯುತ್ತದೆ. ಬಡ್ಡಿ ಅಸಲಿಗೆ ಸೇರುತ್ತಾ ಹೋಗುತ್ತದೆ. 1 ಗ್ರಾಂ ತೂಕದ ಸಸಿ ದಿನಕ್ಕೆ ಶೇ. 10ರಂತೆ ಬೆಳೆದರೆ 30 ದಿನಕ್ಕೆ ಸುಮಾರು 17 ಗ್ರಾಂ ಆಗುತ್ತದೆ. ಶೇ. 12 ಅಂದ್ರೆ ಹತ್ತಿರ ಹತ್ತಿರ 30 ಗ್ರಾಂ! ಬರೀ ಎರಡು ಪರ್ಸೆಂಟಿಗೆ ಇಷ್ಟು ವ್ಯತ್ಯಾಸ.

ಲೆಕ್ಕವೇನೋ ಚೆನ್ನಾಗಿದೆ. ಆದರೆ ಅದರಲ್ಲಿ ಇಡೀ ಗಿಡ ಒಂದೇ ಮುದ್ದೆ. ನಿಜದಲ್ಲಿ ಸಕ್ಕರೆ ಮಾಡುವುದು ಎಲೆ. ಬೇರಿಗೆ ಹಾಕಿದ್ದು ಹಾಗೆ ಬಡ್ಡಿ ತರುವುದಿಲ್ಲ. ಹಾಗಂತ ಎಲ್ಲವನ್ನೂ ಎಲೆಗೇ ಸುರಿದರೆ ನೀರು, ಸಾರಜನಕ ತರುವವರು ಯಾರು? ದಿನದ ದುಡಿಮೆಯಲ್ಲಿ ಯಾರಿಗೆಷ್ಟು ಪಾಲು ಅಂತ ತೀರ್ಮಾನ ಮಾಡಲು ಗಿಡದೊಳಗೆ ಯಜಮಾನನೂ ಇಲ್ಲ, ಶಾನುಭೋಗನೂ ಇಲ್ಲ. ಆಮೇಲಿನ ನೂರು ವರ್ಷ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದು ಇದಕ್ಕೇ.

1960ರ ದಶಕದ ಶುರುವಿನಲ್ಲಿ ನೆದರ್‌ಲ್ಯಾಂಡ್ಸ್‌ನ ಬ್ರೌವರ್ ಒಂದು ಒಳ್ಳೆಯ ಸುಳಿವು ಕೊಟ್ಟರು. ಎಲೆ ಕತ್ತರಿಸಿದರೆ ಗಿಡ ಬೇರಿನ ಕೆಲಸ ನಿಧಾನ ಮಾಡಿ ಎಲೆಗೆ ಜಾಸ್ತಿ ಹಾಕುತ್ತದೆ. ಬೇರು ಕತ್ತರಿಸಿದರೆ ತಿರುಗಾಮುರುಗಾ. ಎರಡರ ನಡುವೆ ಮೊದಲಿದ್ದ ಅನುಪಾತ ವಾಪಸ್ ಬರುವವರೆಗೂ ಇದು ನಡೆಯುತ್ತದೆ. ಯಾವುದಕ್ಕೆ ಕೊರತೆಯೋ ಅದನ್ನು ತರುವ ಅಂಗಕ್ಕೆ ಪಾಲು ಹೆಚ್ಚು.

ಆದರೆ ಇದು ಹೇಗೆ ಆಗುತ್ತದೆ? 1972ರಲ್ಲಿ ಬ್ರಿಟನ್ನಿನ ಥಾರ್ನ್ಲಿ ಕೊಟ್ಟ ಉತ್ತರ ನನ್ನ ಲೆಕ್ಕದಲ್ಲಿ ಈ ಇಡೀ ಕಥೆಯ ಅತ್ಯಂತ ಚಂದದ ಭಾಗ. ಅವರ ಗಿಡದಲ್ಲಿ ಎರಡೇ ಭಾಗ, ಮೇಲಿನದು ಮತ್ತು ಬೇರು. ಹರಿಯುವುದೂ ಎರಡೇ, ಇಂಗಾಲ ಮತ್ತು ಸಾರಜನಕ. ಇಂಗಾಲ ಮೇಲಿಂದ ಕೆಳಕ್ಕೆ, ಸಾರಜನಕ ಕೆಳಗಿಂದ ಮೇಲಕ್ಕೆ, ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ದಾರಿಯಲ್ಲಿ ಒಂದಿಷ್ಟು ತಡೆ. ಎಲ್ಲಿ ಎರಡೂ ಸಿಗುತ್ತವೋ ಅಲ್ಲಿ ಬೆಳವಣಿಗೆ. ಸಾರಜನಕ ಕಡಿಮೆಯಾಯಿತು ಅನ್ನಿ. ಬಂದಷ್ಟನ್ನು ಮೊದಲು ಹಿಡಿದುಕೊಳ್ಳುವುದು ಬೇರು, ಹಾಗಾಗಿ ಬೇರೇ ಬೆಳೆಯುತ್ತದೆ. ನೆರಳಾದರೆ ಎಲೆ ಬೆಳೆಯುತ್ತದೆ. ಯಾರೂ ಅಪ್ಪಣೆ ಕೊಡಬೇಕಿಲ್ಲ, ಬ್ರೌವರ್ ಕಂಡ ಸಮತೋಲ ತಾನಾಗೇ ಬಂದುಬಿಡುತ್ತದೆ.

ಹೊಲಕ್ಕೆ ಬಂದರೆ ಮಾತು ಬೇರೆ. ಆ ತಡೆ ಎಷ್ಟು ಅಂತ ಯಾರು ಅಳೆಯಬೇಕು? ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್‌ನಲ್ಲಿ ವಿಜ್ಞಾನಿ ಡಿ ವಿಟ್ ಮತ್ತು ಅವರ ಜೊತೆಯವರು ಇಡೀ ಬೆಳೆಯನ್ನು ಕಂಪ್ಯೂಟರಿಗೆ ಹಾಕುವಾಗ ಸರಳ ದಾರಿ ಹಿಡಿದರು. ಈ ಹಂತದಲ್ಲಿ ಬೇರಿಗಿಷ್ಟು, ಎಲೆಗಿಷ್ಟು, ಹೂ ಕಳೆದ ಮೇಲೆ ಹೆಚ್ಚುಕಮ್ಮಿ ಎಲ್ಲಾ ಕಾಳಿಗೆ ಅಂತ ಒಂದು ಪಟ್ಟಿ. ಅಲ್ಲಿಂದ ಬಂದ ವೊಫೋಸ್ಟ್ ಎಂಬ ಕಂಪ್ಯೂಟರ್ ಮಾದರಿಯನ್ನು ಬಳಸಿ ಯುರೋಪಿಯನ್ ಒಕ್ಕೂಟ ಬೆಳೆ ಇಳುವರಿಯ ಮುನ್ಸೂಚನೆ ಮಾಡುತ್ತದೆ. ತಡೆಯ ಲೆಕ್ಕದಿಂದಲ್ಲ, ಪಟ್ಟಿಯಿಂದ!

ತಳಿ ತೆಗೆಯುವವರು ಸಮೀಕರಣಕ್ಕೆ ಕಾಯುತ್ತಾ ಕೂರಲಿಲ್ಲ. 1966ರಲ್ಲಿ ಬಂದ ಐಆರ್8 ಭತ್ತದ ಗುಟ್ಟು ಅದರ ಗಿಡ್ಡ ಕಾಂಡದಲ್ಲಿತ್ತು. ಗೊಬ್ಬರ ಹಾಕಿದರೂ ಬೀಳುವುದಿಲ್ಲ, ಒಟ್ಟು ತೂಕದಲ್ಲಿ ಕಾಳಿನ ಪಾಲು ಜಾಸ್ತಿ. ಅಂದರೆ ಹುಲ್ಲಿನ ಪಾಲು ಕಡಿಮೆ. ದನ ಸಾಕುವ ನಮ್ಮ ರಾಗಿ ಬೆಳೆಗಾರರಿಗೆ ಈ ಕೊನೆಯ ವಾಕ್ಯವೇ ಮುಖ್ಯ, ಅಲ್ವಾ? ಹುಲ್ಲೂ ಅವರಿಗೆ ಬೆಳೆಯೇ.

ಫ್ರಾನ್ಸಿನ ಫಿಲಿಪ್ ಡಿ ರೆಫೀ ಇನ್ನೊಂದು ದಾರಿ ಹಿಡಿದರು. 1970ರ ದಶಕದಲ್ಲಿ ಐವರಿ ಕೋಸ್ಟ್‌ನ ಕಾಫಿ ಗಿಡಗಳಿಂದ ಅವರ ಕೆಲಸ ಶುರುವಾಯಿತು. ಮುಂದೆ ಅದು ಗ್ರೀನ್‌ಲ್ಯಾಬ್ ಎಂಬ ಮಾದರಿಯಾಯಿತು. ಅದರಲ್ಲಿ ಪ್ರತಿ ಎಲೆ, ಗೆಣ್ಣು, ಕಾಯಿಗೂ ಒಂದು ಸೆಳೆತದ ಬಲ. ಒಟ್ಟು ಆಹಾರ ಆ ಬಲದ ಪ್ರಮಾಣದಲ್ಲಿ ಹಂಚಿಹೋಗುತ್ತದೆ. ಕಾಫಿಯಲ್ಲಿ ಕಾಯಿಯ ಸೆಳೆತ ಎಂಥದ್ದು ಅಂತ ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಅರೇಬಿಕಾ ಗಿಡಕ್ಕೆ ಕಾಯಿ ಅತಿಯಾದರೆ ಎಲೆ ಉದುರುತ್ತದೆ, ರೆಂಬೆ ತುದಿಯಿಂದ ಒಣಗುತ್ತದೆ, ಮುಂದಿನ ವರ್ಷ ಫಸಲು ಕೈಕೊಡುತ್ತದೆ.

ಈ ಎಲ್ಲ ಲೆಕ್ಕಗಳಲ್ಲಿ ಸೊರಗಿದ್ದು ಬೇರಿನ ಅಂಕಿ. ಎಲೆ ಕಣ್ಣಿಗೆ ಕಾಣುತ್ತದೆ, ಬೇರು ಮಣ್ಣೊಳಗೆ. ಕಿತ್ತರೆ ಸಣ್ಣ ಬೇರುಗಳು ಅಲ್ಲೇ ಉಳಿಯುತ್ತವೆ. ಬರಗಾಲದಲ್ಲಿ ಪಾಲು ಬದಲಾಗುವುದು ಆ ಕಡೆಗೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಇದಕ್ಕೆಂದೇ ನೆಲದ ಮೇಲೆ ಸಿಮೆಂಟ್ ಇಟ್ಟಿಗೆಯ ಎತ್ತರದ ಕಟ್ಟೆಗಳನ್ನು ಕಟ್ಟಿ, ಮಣ್ಣು ತುಂಬಿ ಭತ್ತ ಬೆಳೆದರು. ಕೊನೆಗೆ ಗೋಡೆ ಕಳಚಿ, ನೀರು ಹಾಯಿಸಿ ಮಣ್ಣು ತೊಳೆದು, ಬೇರನ್ನು ಬಿಡಿಸಿ ಅಳೆದರು. ಸೂತ್ರ ಬರೆಯುವುದಕ್ಕಿಂತ ಈ ಕೆಲಸಕ್ಕೇ ಜಾಸ್ತಿ ತಾಳ್ಮೆ ಬೇಕು.