ಮುಟ್ಟಿ ಹೇಳಲಾಗದ ಗಂಟು

"ಮೆತ್ತಗಿದೆ, ಒತ್ತಿದರೆ ಜಾರುತ್ತೆ, ನೋವೂ ಇಲ್ಲ. ಕೊಬ್ಬಿನ ಗಂಟೇ ಅಲ್ವಾ ಡಾಕ್ಟ್ರೇ?" ನಾಯಿ ಸಾಕಿದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಇರಬಹುದು. ಆದರೆ ಬರೀ ಬೆರಳಿನಿಂದ ಮುಟ್ಟಿ ಅದನ್ನು ಖಚಿತವಾಗಿ ಹೇಳಲು ಯಾವ ಪಶುವೈದ್ಯರಿಗೂ ಆಗುವುದಿಲ್ಲ. ಅದಕ್ಕೆ ಮುಖ್ಯ ಕಾರಣ ಮಾಸ್ಟ್ ಸೆಲ್ ಟ್ಯೂಮರ್, ಅಂದರೆ ಮಾಸ್ಟ್ ಸೆಲ್ ಎಂಬ ರೋಗನಿರೋಧಕ ಕೋಶಗಳಿಂದ ಬೆಳೆಯುವ ಗಡ್ಡೆ.

ನಾಯಿಗಳ ಚರ್ಮದಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್‌ಗಳಲ್ಲಿ ಇದು ಒಂದು. ಬಾಕ್ಸರ್, ಪಗ್, ಲ್ಯಾಬ್ರಡಾರ್ ತಳಿಗಳಲ್ಲಿ ಹೆಚ್ಚು. ಆದರೆ ಯಾವ ನಾಯಿಗೂ ಬರಬಹುದು. ಒಂದು ನಾಯಿಯಲ್ಲಿ ಕೆಂಪು ಬೊಕ್ಕೆಯ ಹಾಗೆ ಕಂಡರೆ, ಇನ್ನೊಂದರಲ್ಲಿ ಥೇಟ್ ಕೊಬ್ಬಿನ ಗಂಟಿನ ಹಾಗೇ ಇರುತ್ತದೆ. ಮಾಸ್ಟ್ ಕೋಶಗಳ ಒಳಗೆ ಹಿಸ್ಟಮಿನ್ ಎಂಬ, ಅಲರ್ಜಿಯಲ್ಲಿ ಊತ ತರುವ ರಾಸಾಯನಿಕ ತುಂಬಿರುತ್ತದೆ. ಹಿಸುಕಿದರೆ ಅದು ಹೊರಬಂದು ಗಂಟು ಊದಿಕೊಳ್ಳುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಇಳಿದದ್ದನ್ನು ನೋಡಿ ಮನೆಯವರು ವಾಸಿಯಾಯಿತು ಅಂದುಕೊಳ್ಳುತ್ತಾರೆ. ನನಗೆ ಅತಿ ಹೆಚ್ಚು ಆತಂಕ ತರುವುದು ಇದೇ. ಅದೇ ಹಿಸ್ಟಮಿನ್ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸಿ ಹುಣ್ಣು ಮಾಡುವುದೂ ಉಂಟು. ಗಂಟಿರುವ ನಾಯಿ ವಾಂತಿ ಮಾಡತೊಡಗಿದರೆ, ಮಲ ಕಪ್ಪಾದರೆ, ತಡಮಾಡದೆ ಕರೆತನ್ನಿ.

ಗಂಟು 1 ಸೆಂ.ಮೀ. ದಾಟಿದ್ದರೆ ಅಥವಾ ತಿಂಗಳಾದರೂ ಹೋಗದಿದ್ದರೆ ಸೂಜಿ ಪರೀಕ್ಷೆ ಮಾಡಿಸಿ. ಇಂಜೆಕ್ಷನ್ ಸೂಜಿಯಲ್ಲೇ ಒಂದಿಷ್ಟು ಜೀವಕೋಶ ತೆಗೆದು, ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ. ಮಾಸ್ಟ್ ಸೆಲ್ ಆಗಿದ್ದರೆ ನೇರಳೆ ಕಣಗಳು ತುಂಬಿದ ದುಂಡನೆಯ ಕೋಶಗಳು ಕಾಣುತ್ತವೆ. "ಹೇಗೂ ಆಪರೇಷನ್ ಮಾಡ್ತೀರಲ್ಲ, ಮೊದಲು ಪರೀಕ್ಷೆ ಯಾಕೆ?" ಎನ್ನುವವರಿದ್ದಾರೆ. ಕೊಬ್ಬಿನ ಗಂಟನ್ನು ಅಂಚಿನಲ್ಲೇ ಬಿಡಿಸಿ ತೆಗೆದರೆ ಸಾಕು. ಮಾಸ್ಟ್ ಸೆಲ್ ಗಡ್ಡೆಗೆ ಸಾಧಾರಣವಾಗಿ ಸುತ್ತಲೂ 2-3 ಸೆಂ.ಮೀ. ಆರೋಗ್ಯವಂತ ಚರ್ಮವನ್ನೂ ಅಡಿಯ ಒಂದು ಪದರವನ್ನೂ ಸೇರಿಸಿ ತೆಗೆಯಬೇಕಾಗುತ್ತದೆ. ಮೊದಲ ಆಪರೇಷನ್‌ನಲ್ಲಿ ಕೋಶಗಳು ಉಳಿದರೆ ಎರಡನೆಯದು ಇನ್ನೂ ಕಷ್ಟ. ತೆಗೆದ ಗಡ್ಡೆಯನ್ನು ಬಯಾಪ್ಸಿಗೆ ಕಳಿಸಲೇಬೇಕು; ಅದರ ಗ್ರೇಡ್, ಅಂದರೆ ಅದು ಎಷ್ಟು ಉಗ್ರ ಎನ್ನುವುದು ತಿಳಿಯುವುದು ಅಲ್ಲಿಯೇ.

ಬೆಕ್ಕಿನಲ್ಲಿ ಕತೆ ಬೇರೆ. ಬಿಳಿ ಬೆಕ್ಕಿನ ಕಿವಿಯ ತುದಿ, ಮೂಗು, ರೆಪ್ಪೆ: ಕೂದಲು ತೆಳ್ಳಗಿರುವ, ಬಿಸಿಲು ನೇರವಾಗಿ ಬೀಳುವ ಜಾಗಗಳಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಬರುತ್ತದೆ. ಅಲ್ಲಿ ಸಾಮಾನ್ಯವಾಗಿ ಗಂಟೇ ಇರುವುದಿಲ್ಲ. ಮೊದಲು ಕೆಂಪಗಾಗುತ್ತದೆ, ಹಕ್ಕಳೆ ಕಟ್ಟುತ್ತದೆ, ಉದುರಿ ರಕ್ತ ಬರುತ್ತದೆ, ಮತ್ತೆ ಹಕ್ಕಳೆ. ಜಗಳದ ಗಾಯವೆಂದು ಮುಲಾಮು ಹಚ್ಚುತ್ತ ತಿಂಗಳುಗಳೇ ಕಳೆದುಹೋಗುತ್ತವೆ. ಬೇಗ ಬಂದರೆ ಕಿವಿಯ ಆ ಭಾಗವನ್ನು ಕತ್ತರಿಸಿ ಬೆಕ್ಕನ್ನು ಪೂರ್ತಿ ಗುಣಪಡಿಸಲು ಸಾಧ್ಯ. ಮೂಗಿನ ಒಳಕ್ಕೆ ಇಳಿದ ಮೇಲೆ ಅಷ್ಟು ಸುಲಭವಲ್ಲ.

ಬೆಕ್ಕಿಗೆ ಲಸಿಕೆ ಹಾಕಿದ ಜಾಗದಲ್ಲಿ ಗಂಟು ಬಂದರೆ ಸಾಮಾನ್ಯವಾಗಿ ಕರಗುತ್ತದೆ. 3 ತಿಂಗಳಾದರೂ ಉಳಿದರೆ, 2 ಸೆಂ.ಮೀ. ಮೀರಿದರೆ, ಅಥವಾ 1 ತಿಂಗಳ ನಂತರವೂ ಬೆಳೆಯುತ್ತಿದ್ದರೆ ಬಯಾಪ್ಸಿ ಬೇಕು. ಹಾಗೆಂದು ಲಸಿಕೆ ಬಿಡಬೇಡಿ. ಆ ಜಾಗದಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆಯುವುದು ತೀರ ಅಪರೂಪ.

ಮನೆಯಲ್ಲಿರುವ ಮುಲಾಮುಗಳ ಬಗ್ಗೆ ಎಚ್ಚರ. ಸ್ಟೀರಾಯ್ಡ್ ಹಚ್ಚಿದರೆ ಗಂಟು ತಾತ್ಕಾಲಿಕವಾಗಿ ಕುಗ್ಗಿ ಪರೀಕ್ಷೆಯ ದಾರಿ ತಪ್ಪಿಸಬಹುದು. ಮನುಷ್ಯರ ಸನ್‌ಸ್ಕ್ರೀನ್‌ನಲ್ಲಿರುವ ಜಿಂಕ್ ಆಕ್ಸೈಡ್, ಸ್ಯಾಲಿಸಿಲೇಟ್ ನೆಕ್ಕಿದರೆ ಅಪಾಯ. ಮನುಷ್ಯರ ಚರ್ಮದ ಕ್ಯಾನ್ಸರ್‌ಗೆ ಕೊಡುವ ಫ್ಲೂರೋಯುರಾಸಿಲ್ ಮುಲಾಮನ್ನಂತೂ ಹತ್ತಿರಕ್ಕೂ ತರಬೇಡಿ. ಸ್ವಲ್ಪ ನೆಕ್ಕಿದರೂ ಬೆಕ್ಕಾಗಲಿ ನಾಯಿಯಾಗಲಿ ಸಾಯಬಹುದು.