ಒಂದೇ ದಿನಕ್ಕೆ ಎರಡು ಪಾರ್ಕಿನ ಟಿಕೆಟ್ ಯಾರಿಗೆ ಬೇಕು?

ಅಬುಧಾಬಿಯ ಯಾಸ್ ದ್ವೀಪಕ್ಕೋ ದುಬೈಗೋ ಹೊರಟವರು ಟಿಕೆಟ್ ಕೇಳಲು ಬರುವಾಗ ಮೊಬೈಲಿನಲ್ಲಿ ದರಪಟ್ಟಿ ತೆರೆದಿಟ್ಟುಕೊಂಡೇ ಬರುತ್ತಾರೆ. ಒಂದು ಥೀಮ್ ಪಾರ್ಕಿಗೆ ಇಷ್ಟು, ಎರಡಕ್ಕೆ ಸೇರಿಸಿ ಕೊಂಡರೆ ಅದಕ್ಕಿಂತ ಸ್ವಲ್ಪ ಹೆಚ್ಚು, ಹಾಗಾದರೆ ಎರಡರದ್ದನ್ನೇ ಕೊಡಿ ಎನ್ನುತ್ತಾರೆ. ಕಾಸರಗೋಡಿನಲ್ಲಿ ಪ್ರವಾಸದ ಏರ್ಪಾಟು ಮಾಡಿಕೊಡುವುದು ನನ್ನ ವೃತ್ತಿ. ದೊಡ್ಡ ಟಿಕೆಟ್ ಮಾರಿದರೆ ನನ್ನ ಕಮಿಷನ್ ಕೂಡ ದೊಡ್ಡದು. ಆದರೂ ಮೊದಲ ಬಾರಿಗೆ ಹೋಗುವ ಕುಟುಂಬಕ್ಕೆ ದಿನಕ್ಕೆ ಒಂದೇ ಪಾರ್ಕ್ ಸಾಕೆಂದು ನಾನು ಹಟ ಹಿಡಿದು ಹೇಳುತ್ತೇನೆ. ಈ ಹಟಕ್ಕೆ ಕಾರಣವಿದೆ. ಅದನ್ನು ಮೀರಬೇಕಾದ ಕೆಲವು ಸಂದರ್ಭಗಳೂ ಇವೆ.

ಮಧೂರಿನಲ್ಲಿ ಬೆಳಗಿನ ದರ್ಶನ ಮುಗಿಸಿ ಕಟೀಲು, ಧರ್ಮಸ್ಥಳ, ಸುಬ್ರಹ್ಮಣ್ಯ ನೋಡಿ ಅದೇ ರಾತ್ರಿ ಮನೆ ಸೇರುವುದು ನಮ್ಮ ಕಡೆಯವರಿಗೆ ರೂಢಿ. ಕ್ಷೇತ್ರದರ್ಶನಕ್ಕೆ ಅದು ನಡೆಯುತ್ತದೆ. ಥೀಮ್ ಪಾರ್ಕಿನಲ್ಲಿ ಒಳಗೆ ಕಾಲಿಟ್ಟ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಅಲ್ಲಿ ನೀವು ಹಣ ಕೊಟ್ಟು ಕೊಳ್ಳುವುದು ಗಂಟೆಗಳನ್ನು. ಆದ್ದರಿಂದ ನೋಡಬೇಕಾದದ್ದು ಪಾರ್ಕೊಂದಕ್ಕೆ ಎಷ್ಟು ದಿರ್ಹಂ ಬಿತ್ತು ಎಂಬುದನ್ನಲ್ಲ, ನಿಮ್ಮ ಮನೆಯವರೆಲ್ಲ ಖುಷಿಯಿಂದ ಕಳೆಯುವ ಒಂದೊಂದು ಗಂಟೆಗೆ ಎಷ್ಟು ಬಿತ್ತು ಎಂಬುದನ್ನು.

ಒಂದು ದಿನವನ್ನು ಬಿಡಿಸಿ ನೋಡೋಣ. ಪಾರ್ಕ್ ಬೆಳಿಗ್ಗೆ 10ಕ್ಕೆ ತೆರೆದು ರಾತ್ರಿ 8ಕ್ಕೆ ಮುಚ್ಚುತ್ತದೆ ಎಂದಿಟ್ಟುಕೊಳ್ಳಿ. ನೀವು ಉಳಿದುಕೊಂಡಿರುವುದು ಶಾರ್ಜಾದಲ್ಲಿರುವ ಮಗನ ಫ್ಲ್ಯಾಟಿನಲ್ಲಿ. ಮಕ್ಕಳನ್ನು ಎಬ್ಬಿಸಿ, ತಿಂಡಿ ಮುಗಿಸಿ, ದುಬೈ ರಸ್ತೆಯ ದಟ್ಟಣೆ ದಾಟಿ ತಲುಪುವಾಗ 11 ಆಗಿರುತ್ತದೆ. ಚೀಲ ತಪಾಸಣೆ, ಟಿಕೆಟ್ ಸ್ಕ್ಯಾನ್, ಲಾಕರ್, ಶೌಚಾಲಯ ಎಂದು ಅರ್ಧ ಗಂಟೆ ಹೋಯಿತು. ಊಟಕ್ಕೆ ಒಂದು ಗಂಟೆ. ನಮಾಜ್, ಮಗುವಿನ ನಿದ್ದೆ, ಹಿರಿಯರ ವಿಶ್ರಾಂತಿ ಸೇರಿ ಇನ್ನೊಂದು ಗಂಟೆ. ಸಂಜೆ 7ರ ಹೊತ್ತಿಗೆ ಮಕ್ಕಳು ತೂಕಡಿಸುತ್ತಾರೆ. ಹತ್ತು ಗಂಟೆಯ ಪಾರ್ಕಿನಲ್ಲಿ ನಿಮಗೆ ದಕ್ಕುವುದು ಐದೂವರೆ ಗಂಟೆ. ಜನ ಹೆಚ್ಚಿರುವ ದಿನ ಹೆಸರಾಂತ ರೈಡ್ ಒಂದಕ್ಕೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಲ್ಲಬೇಕಾದೀತು.

ಈ ಐದೂವರೆ ಗಂಟೆಯೊಳಗೆ ಎರಡನೆಯ ಪಾರ್ಕನ್ನು ಸೇರಿಸಿ ನೋಡಿ. ಅಲ್ಲಲ್ಲಿ ಚದುರಿದವರನ್ನು ಫೋನ್ ಮಾಡಿ ಒಟ್ಟುಗೂಡಿಸಬೇಕು, ಬಾಗಿಲವರೆಗೆ ನಡೆಯಬೇಕು, ಬಸ್ಸಿಗೆ ಕಾಯಬೇಕು, ಇನ್ನೊಂದು ಬಾಗಿಲಲ್ಲಿ ಮತ್ತೆ ತಪಾಸಣೆ, ಮತ್ತೆ ನಕ್ಷೆ ಹಿಡಿದು ಯಾವುದು ಎಲ್ಲಿದೆ ಎಂದು ಹುಡುಕಾಟ. ಒಂದು ಗಂಟೆಗೆ ಕಡಿಮೆಯಿಲ್ಲದೆ ಇದಕ್ಕೇ ಹೋಗುತ್ತದೆ. ಉಳಿದ ನಾಲ್ಕೂವರೆ ಗಂಟೆ ಎರಡು ಕಡೆಗೆ ಹಂಚಿಹೋಗುತ್ತದೆ. ಅರ್ಧ ನೋಡಿದ ಎರಡು ಪಾರ್ಕಿಗಿಂತ ಮನದಣಿಯೆ ನೋಡಿದ ಒಂದು ಪಾರ್ಕ್ ಮೇಲು ಎಂದು ನನಗೆ ಅನಿಸುವುದು ಇದಕ್ಕೇ.

ಬದಿಯಡ್ಕ ಕಡೆಯ ಒಂದು ಕುಟುಂಬ ಯಾಸ್ ದ್ವೀಪದಲ್ಲಿ ಒಂದೇ ದಿನ ಫೆರಾರಿ ವರ್ಲ್ಡ್ ಮತ್ತು ವಾರ್ನರ್ ಬ್ರದರ್ಸ್ ವರ್ಲ್ಡ್ ಎರಡನ್ನೂ ಇಟ್ಟುಕೊಂಡಿತ್ತು. ಮನೆಯ ಅಜ್ಜಿಯೂ ಜೊತೆಗಿದ್ದರು. ಗಂಟೆಗೆ 240 ಕಿಲೋಮೀಟರ್ ವೇಗದ ಫಾರ್ಮುಲಾ ರೊಸ್ಸಾ ರೋಲರ್ ಕೋಸ್ಟರ್ ಇರುವ ಫೆರಾರಿ ವರ್ಲ್ಡ್ ಮೊಮ್ಮಕ್ಕಳ ಲೋಕ. ಅಜ್ಜಿಗೆ ಅಲ್ಲಿ ಎಲ್ಲರ ಚೀಲ ಕಾಯುತ್ತಾ ಬೆಂಚಿನಲ್ಲಿ ಕುಳಿತಿರುವುದೇ ಕೆಲಸವಾಯಿತು. ವಾರ್ನರ್ ಬ್ರದರ್ಸ್ ಪಾರ್ಕ್ ಪೂರ್ತಿ ಸೂರಿನಡಿಯಲ್ಲಿದೆ, ಒಳಗೆ ತಂಪು, ಕುಳಿತು ನೋಡುವ ಪ್ರದರ್ಶನಗಳೂ ನಿಧಾನದ ರೈಡ್‌ಗಳೂ ಇವೆ. ಆ ಎರಡರಲ್ಲಿ ಅಜ್ಜಿಗೆ ಹೇಳಿ ಮಾಡಿಸಿದಂತಿದ್ದದ್ದು ಅದೇ. ಅಲ್ಲಿಗೆ ತಲುಪುವಷ್ಟರಲ್ಲಿ ಅವರ ಕಾಲಿನಲ್ಲಿ ಬಲ ಉಳಿದಿರಲಿಲ್ಲ. "ಇನ್ನು ನನ್ನಿಂದಾಗದು, ನೀವು ಹೋಗಿ ಬನ್ನಿ" ಎಂದು ಬಾಗಿಲ ಹತ್ತಿರವೇ ಕುಳಿತುಬಿಟ್ಟರು. ಊರಿನಿಂದ ಅಷ್ಟು ದೂರ ಕರೆದುಕೊಂಡು ಹೋಗಿ, ಅವರಿಗಾಗಿಯೇ ಹಣ ಕೊಟ್ಟ ಟಿಕೆಟ್ ಅವರಿಗೆ ಒದಗಲಿಲ್ಲ. ಬೇರೆ ಬೇರೆ ದಿನ ಹೋಗಿದ್ದರೆ ಮೊದಲನೆಯ ದಿನ ಅಜ್ಜಿ ಫ್ಲ್ಯಾಟಿನಲ್ಲಿ ನೆಮ್ಮದಿಯಿಂದ ಇರುತ್ತಿದ್ದರು, ಅವರ ಒಂದು ಟಿಕೆಟಿನ ಹಣವೂ ಉಳಿಯುತ್ತಿತ್ತು. ಅಂದಿನಿಂದ ಯಾರೇ ಬರಲಿ, ಜೊತೆಗೆ ಹಿರಿಯರು ಯಾರು ಬರುತ್ತಾರೆ, ಅವರ ಮಂಡಿನೋವು ಹೇಗಿದೆ ಎಂದು ಮೊದಲು ಕೇಳುತ್ತೇನೆ. ಕುಟುಂಬದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ನೋಡಿ ಟಿಕೆಟ್ ಆರಿಸಬೇಕು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಹಲವು ಪಾರ್ಕುಗಳ ಟಿಕೆಟ್ ಎಂದು ಮಾರುವುದೆಲ್ಲ ಒಂದೇ ಬಗೆಯದಲ್ಲ. ಒಂದು ಬಗೆಯಲ್ಲಿ ಒಂದೇ ದಿನದೊಳಗೆ ಒಂದರಿಂದ ಇನ್ನೊಂದಕ್ಕೆ ಎಷ್ಟು ಬಾರಿ ಬೇಕಾದರೂ ಓಡಾಡಬಹುದು. ಇನ್ನೊಂದರಲ್ಲಿ ನಾಲ್ಕು ದಿನಕ್ಕೆ ನಾಲ್ಕು ಪಾರ್ಕ್, ಆದರೆ ದಿನಕ್ಕೆ ಒಂದು ಮಾತ್ರ. ಮೂರನೆಯದರಲ್ಲಿ ನಿಗದಿತ ಅವಧಿಯೊಳಗೆ ಪ್ರತಿ ಪಾರ್ಕಿಗೆ ಒಂದೊಂದು ಸಲ ಪ್ರವೇಶ. ನಾನು ಬೇಡವೆನ್ನುವುದು ಒಂದೇ ದಿನದ ಓಡಾಟವನ್ನು. ಬೇರೆ ಬೇರೆ ದಿನಗಳಲ್ಲಿ ಬಳಸಲು ಬಿಡುವ ಟಿಕೆಟ್ ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗಕ್ಕೆ ಸಿಕ್ಕಿದರೆ ಕಣ್ಣುಮುಚ್ಚಿ ಕೊಳ್ಳಬಹುದು. ಆದ್ದರಿಂದ ದರ ನೋಡುವ ಮೊದಲು ಷರತ್ತನ್ನು ಓದಿ. ಒಂದೇ ದಿನವೇ, ಬೇರೆ ದಿನವೇ? ಅವಧಿಯ ಲೆಕ್ಕ ಕೊಂಡ ದಿನದಿಂದಲೋ ಮೊದಲು ಒಳಹೊಕ್ಕ ದಿನದಿಂದಲೋ? ಹೊರಗೆ ಹೋದವರು ಅದೇ ದಿನ ಅದೇ ಪಾರ್ಕಿಗೆ ಮರಳಬಹುದೇ? ಮಾರುವವರು ಇದಕ್ಕೆ ಸರಿಯಾಗಿ ಉತ್ತರಿಸದಿದ್ದರೆ ಬೇರೆಯವರಲ್ಲಿ ಕೇಳಿ.

ಕೊಲ್ಲಿಯ ಪ್ರವಾಸದಲ್ಲಿ ಹವೆ ಮತ್ತು ವಾರದ ದಿನ, ಇವೆರಡೂ ಟಿಕೆಟಿನಷ್ಟೇ ಮುಖ್ಯ. ಕೇರಳದ ಶಾಲಾ ರಜೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಓಣಂ ಹೊತ್ತಿನಲ್ಲಿ, ಕ್ರಿಸ್‌ಮಸ್‌ಗೆ. ಮೊದಲ ಎರಡು ರಜೆಗಳಲ್ಲೂ ಅಲ್ಲಿ ಬಿಸಿಲು ಸುಡುತ್ತಿರುತ್ತದೆ. ಸೂರಿಲ್ಲದ ಪಾರ್ಕಿನಲ್ಲಿ ಮಧ್ಯಾಹ್ನದ ಹೊತ್ತು ದಂಡ. ಆ ಸಮಯದಲ್ಲಿ ಹೋಗುವವರು ಫೆರಾರಿ ವರ್ಲ್ಡ್, ವಾರ್ನರ್ ಬ್ರದರ್ಸ್ ಅಥವಾ 2023ರಲ್ಲಿ ತೆರೆದ ಸೀವರ್ಲ್ಡ್‌ನಂತಹ, ಬಹುಪಾಲು ಸೂರಿನಡಿಯಿರುವ ಪಾರ್ಕುಗಳನ್ನು ಆರಿಸಿಕೊಳ್ಳಲಿ. ಮಕ್ಕಳು ದೊಡ್ಡವರಾಗಿದ್ದು ಹಿರಿಯರು ಜೊತೆಗಿಲ್ಲದಿದ್ದರೆ ಬೆಳಿಗ್ಗೆ ಯಾಸ್ ವಾಟರ್‌ವರ್ಲ್ಡ್, ಬಿಸಿಲೇರಿದ ಮೇಲೆ ಅಲ್ಲಿಂದ ಉಚಿತ ಬಸ್ಸಿನಲ್ಲಿ ಸೂರಿರುವ ಒಂದು ಪಾರ್ಕ್ ಎಂಬ ಜೋಡಣೆಯನ್ನು ಒಪ್ಪುತ್ತೇನೆ. ಡಿಸೆಂಬರಿನಲ್ಲಿ ಹವೆ ಹಿತವಾಗಿರುತ್ತದೆ, ಆದರೆ ಆಗ ಎಲ್ಲರಿಗೂ ರಜೆ. ಸಾಲುಗಳು ಉದ್ದವಾದಷ್ಟೂ ಎರಡು ಪಾರ್ಕಿನ ಆಸೆ ದುಬಾರಿಯಾಗುತ್ತದೆ.

ವಾರದ ದಿನದ ವಿಷಯವನ್ನು ಹಲವರು ಮರೆಯುತ್ತಾರೆ. 2022ರ ಜನವರಿಯಿಂದ ಯುಎಇಯಲ್ಲಿ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ ಕೆಲಸ. ಶಾರ್ಜಾದ ಸರ್ಕಾರಿ ಕಚೇರಿಗಳಿಗೆ ಶುಕ್ರವಾರವೂ ಪೂರ್ತಿ ರಜೆ. ಅಲ್ಲಿರುವ ಅಣ್ಣನಿಗೋ ಭಾವನಿಗೋ ಕಾರಿನಲ್ಲಿ ಕರೆದುಕೊಂಡು ಹೋಗಲು ಬಿಡುವು ಸಿಗುವುದೂ ಆಗಲೇ, ಪಾರ್ಕ್ ತುಂಬಿರುವುದೂ ಆಗಲೇ. ಒಂದು ದಿನ ಅವರಿಗೆ ರಜೆ ಹಾಕಿಸಿ ಮಂಗಳವಾರವೋ ಬುಧವಾರವೋ ಹೋಗಿ ನೋಡಿ. ಕೆಲವೊಮ್ಮೆ ಎರಡು ವಾರಾಂತ್ಯದ ದಿನಗಳಲ್ಲಿ ನೋಡುವಷ್ಟನ್ನು ಆ ಒಂದು ದಿನದಲ್ಲಿ ನೋಡಬಹುದು.

ದುಬೈ ಪಾರ್ಕ್ಸ್ ಆ್ಯಂಡ್ ರೆಸಾರ್ಟ್ಸ್‌ನಲ್ಲಿ ಮೋಷನ್‌ಗೇಟ್, ಲೆಗೋಲ್ಯಾಂಡ್, ಲೆಗೋಲ್ಯಾಂಡ್ ವಾಟರ್ ಪಾರ್ಕ್, 2024ರಲ್ಲಿ ಸೇರಿದ ರಿಯಲ್ ಮ್ಯಾಡ್ರಿಡ್ ವರ್ಲ್ಡ್ ಎಲ್ಲವೂ ಒಂದೇ ಆವರಣದಲ್ಲಿವೆ. ನಡುವಿನ ಓಡಾಟ ಸುಲಭವಾದ್ದರಿಂದ ಜೋಡಿ ಟಿಕೆಟಿಗೆ ಮನಸ್ಸು ಬೇಗ ಸೋಲುತ್ತದೆ. ಆದರೆ ಲೆಗೋಲ್ಯಾಂಡ್ ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆಂದೇ ಕಟ್ಟಿದ್ದು. ಮನೆಯ ಮಕ್ಕಳೆಲ್ಲ ಹೈಸ್ಕೂಲು ದಾಟಿದ್ದರೆ ಮೋಷನ್‌ಗೇಟ್ ಒಂದೇ ಸಾಕು. ಎಲ್ಲರೂ ಏಳೆಂಟು ವರ್ಷದೊಳಗಿನವರಾದರೆ ಲೆಗೋಲ್ಯಾಂಡ್ ಮತ್ತು ಅದರದ್ದೇ ವಾಟರ್ ಪಾರ್ಕಿನ ಜೋಡಿ ಅರ್ಥಪೂರ್ಣ. ಇನ್ನೊಂದು ಎಚ್ಚರಿಕೆ: ಬಾಲಿವುಡ್ ಪಾರ್ಕ್ಸ್ 2023ರಲ್ಲೇ ಮುಚ್ಚಿದೆ. ಹಳೆಯ ಕರಪತ್ರ ಹಿಡಿದು ಅದನ್ನು ಕೇಳುವವರು ಈಗಲೂ ಬರುತ್ತಾರೆ.

ಹಾಗಾದರೆ ಒಂದೇ ದಿನ ಎರಡು ಪಾರ್ಕ್ ಎಲ್ಲಿ ಸರಿ? ಎರಡರ ಹೊತ್ತು ಒಂದಕ್ಕೊಂದು ಅಡ್ಡ ಬರದಿರುವಲ್ಲಿ. ಸಿಂಗಾಪುರದ ಮಂಡಾಯಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಮೃಗಾಲಯ ಹಗಲಿನದು, ಪಕ್ಕದ ನೈಟ್ ಸಫಾರಿ ತೆರೆಯುವುದೇ ಸಂಜೆ 7ರ ಬಳಿಕ. ಒಂದನ್ನು ನೋಡುವ ಹೊತ್ತಿನಲ್ಲಿ ಇನ್ನೊಂದು ತಪ್ಪಿಹೋಗುವುದಿಲ್ಲ. ಮಧ್ಯಾಹ್ನದ ಮೇಲೆ ಮೃಗಾಲಯಕ್ಕೆ ಹೋಗಿ, ಊಟ ಮುಗಿಸಿ, ಸಫಾರಿಯ ಟ್ರಾಮ್ ಹತ್ತಿದರೆ ಹಿರಿಯರೂ ದಣಿಯುವುದಿಲ್ಲ, ಏಕೆಂದರೆ ಟ್ರಾಮಿನಲ್ಲಿ ಕುಳಿತೇ ನೋಡಬಹುದು.

ಅಮೆರಿಕದ ಫ್ಲಾರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲೂ ಅಂತಹ ಜೋಡಿಯಿದೆ. ಅನಿಮಲ್ ಕಿಂಗ್‌ಡಮ್ ಸಾಮಾನ್ಯವಾಗಿ ಉಳಿದವುಗಳಿಗಿಂತ ಬೇಗ ಮುಚ್ಚುತ್ತದೆ. ಹನ್ನೊಂದು ದೇಶಗಳ ಮಂಟಪಗಳಿರುವ ಎಪ್‌ಕಾಟ್ ಸಂಜೆಗೆ ಕಳೆಗಟ್ಟುತ್ತದೆ. ಆದರೆ ಅಲ್ಲಿನ ನಾಲ್ಕು ಪಾರ್ಕುಗಳು ಒಂದಕ್ಕೊಂದು ಕಿಲೋಮೀಟರುಗಟ್ಟಲೆ ದೂರ. ಮ್ಯಾಜಿಕ್ ಕಿಂಗ್‌ಡಮ್ ಮತ್ತು ಎಪ್‌ಕಾಟ್ ನಡುವೆ ಮೊನೊರೈಲ್ ಇದೆ, ಎಪ್‌ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್ ನಡುವೆ 2019ರಿಂದ ಕೇಬಲ್ ಕಾರ್ ಇದೆ, ಅನಿಮಲ್ ಕಿಂಗ್‌ಡಮ್‌ಗೆ ರಸ್ತೆಯೇ ಗತಿ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಕಥೆಯೇ ಬೇರೆ. 1955ರ ಹಳೆಯ ಪಾರ್ಕ್ ಮತ್ತು 2001ರ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಬಾಗಿಲುಗಳು ಎದುರುಬದುರಾಗಿವೆ, ಕೆಲವೇ ನಿಮಿಷದ ನಡಿಗೆ. ಓಡಾಟಕ್ಕೆ ಹೊತ್ತು ವ್ಯರ್ಥವಾಗದ ಕಡೆ ನನ್ನ ಹಟವೂ ಸಡಿಲವಾಗುತ್ತದೆ.

ಫ್ಲಾರಿಡಾದಲ್ಲೇ ಇರುವ ಯೂನಿವರ್ಸಲ್ ಒರ್ಲಾಂಡೊದಲ್ಲಿ ಹ್ಯಾರಿ ಪಾಟರ್ ಹುಚ್ಚಿನ ಮಕ್ಕಳಿದ್ದರೆ ಚರ್ಚೆಯೇ ಬೇಡ. ಹಾಗ್‌ವಾರ್ಟ್ಸ್ ಎಕ್ಸ್‌ಪ್ರೆಸ್ ರೈಲು ಒಂದು ಪಾರ್ಕಿನಿಂದ ಹೊರಟು ಇನ್ನೊಂದರೊಳಗೆ ಇಳಿಸುತ್ತದೆ. ಒಂದೇ ಪಾರ್ಕಿನ ಟಿಕೆಟ್ ಇದ್ದವರಿಗೆ ಆ ರೈಲಿಲ್ಲ. ಅದನ್ನು ತಿಳಿಯದೆ ಹೋಗಿ ನಿಲ್ದಾಣದ ಬಾಗಿಲಲ್ಲಿ ಮಗು ಅಳುವಂತಾಗಬಾರದು. ಎಲ್ಲ ದಿನವೂ ಬೇಡ, ಒಂದು ದಿನಕ್ಕೆ ಎರಡು ಪಾರ್ಕಿನ ಟಿಕೆಟ್ ಇರಲಿ. 2025ರ ಮೇ ತಿಂಗಳಲ್ಲಿ ತೆರೆದ, ಯೂನಿವರ್ಸಲ್‌ನದೇ ಹೊಸ ಪಾರ್ಕ್ ಎಪಿಕ್ ಯೂನಿವರ್ಸ್ ಮಾತ್ರ ಈ ಎರಡರಿಂದ ದೂರದಲ್ಲಿದೆ, ಅದಕ್ಕೆ ಪ್ರತ್ಯೇಕ ದಿನವನ್ನೇ ಇಡಿ.

ಡಿಸ್ನಿ ವರ್ಲ್ಡ್ ಟಿಕೆಟ್ ಕೊಳ್ಳುವವರಿಗೆ ತಿಳಿದಿರಬೇಕಾದ ಒಂದು ಅನುಕೂಲವಿದೆ. ದಿನಕ್ಕೊಂದು ಪಾರ್ಕಿನ ಟಿಕೆಟ್ ಕೊಂಡು ಹೋಗಿ, ಅಲ್ಲಿ ಬೇಕೆನಿಸಿದರೆ ವ್ಯತ್ಯಾಸದ ಹಣ ಕೊಟ್ಟು ಪಾರ್ಕ್ ಹಾಪರ್, ಅಂದರೆ ಒಂದೇ ದಿನ ಬೇರೆ ಪಾರ್ಕುಗಳಿಗೂ ಹೋಗುವ ಸೌಲಭ್ಯ, ಸೇರಿಸಿಕೊಳ್ಳಬಹುದು. ಮೊದಲೇ ಹಾಪರ್ ಕೊಂಡವರು ಬೇಡವೆಂದರೆ ಹಣ ಮರಳದು. ಆದ್ದರಿಂದ ಅನುಮಾನವಿದ್ದಾಗ ಚಿಕ್ಕ ಟಿಕೆಟಿನಿಂದ ಶುರು ಮಾಡಿ. ನಾಲ್ಕು ದಿನದ ಟಿಕೆಟನ್ನು ಏಳು ದಿನಗಳೊಳಗೆ ಬಳಸಬಹುದಾದ್ದರಿಂದ ನಡುವೆ ಒಂದು ದಿನ ಬಿಡುವು ಇಟ್ಟುಕೊಳ್ಳಿ. ವಿಮಾನದ ದಣಿವಿನ ಮೇಲೆ ನಾಲ್ಕು ದಿನ ಎಡೆಬಿಡದೆ ನಡೆಯುವುದು ಹರೆಯದವರಿಗೂ ಕಷ್ಟ. ಅಲ್ಲಿ 3 ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ, 10 ತುಂಬಿದವರು ದೊಡ್ಡವರ ಲೆಕ್ಕ. ಟಿಕೆಟನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಎರಡು ದಿನ ನಾನು, ಎರಡು ದಿನ ತಂಗಿ ಎಂಬ ಹಂಚಿಕೆ ನಡೆಯುವುದಿಲ್ಲ.

ಎರಡನೆಯ ಪಾರ್ಕಿಗೆಂದು ತೆಗೆದಿಟ್ಟ ಹಣ ಕೈಯಲ್ಲಿದ್ದರೆ ಅದನ್ನು ಸಾಲು ಕಡಿಮೆ ಮಾಡುವ ಪಾಸಿಗೆ ಹಾಕಿ ಎನ್ನುವುದು ನನ್ನ ಸಲಹೆ. ಯೂನಿವರ್ಸಲ್‌ನ ಎಕ್ಸ್‌ಪ್ರೆಸ್ ಪಾಸ್, ಡಿಸ್ನಿಯ ಲೈಟ್ನಿಂಗ್ ಲೇನ್, ಇವೆಲ್ಲ ಗಂಟೆಗಳನ್ನೇ ಮರಳಿ ಕೊಡುತ್ತವೆ. ಜನ ಕಡಿಮೆಯಿರುವ ದಿನಗಳಲ್ಲಿ ಅವೂ ಬೇಡ. ಎಳೆಯ ಮಗುವಿರುವ ದಂಪತಿ ಇದಕ್ಕೂ ಮೊದಲು ರೈಡಿನ ಸಿಬ್ಬಂದಿಯನ್ನು ಒಂದು ಮಾತು ಕೇಳಿ: ಒಬ್ಬರು ರೈಡಿಗೆ ಹೋದಾಗ ಇನ್ನೊಬ್ಬರು ಮಗುವಿನೊಂದಿಗೆ ಇದ್ದು, ಆಮೇಲೆ ಮತ್ತೆ ಪೂರ್ತಿ ಸಾಲಿನಲ್ಲಿ ನಿಲ್ಲದೆ ಅದಲುಬದಲಾಗುವ ವ್ಯವಸ್ಥೆ ಡಿಸ್ನಿ, ಯೂನಿವರ್ಸಲ್ ಎರಡರಲ್ಲೂ ಇದೆ. ಅದಕ್ಕೆ ಹಣವಿಲ್ಲ.

ಊರಿನ ಹತ್ತಿರದ ಪ್ರವಾಸದಲ್ಲಿ ಈ ತಲೆನೋವು ಕಡಿಮೆ. ಕೊಚ್ಚಿ ಅಥವಾ ಬೆಂಗಳೂರಿನ ವಂಡರ್‌ಲಾದಲ್ಲಿ ನೀರಿನ ರೈಡ್, ನೆಲದ ರೈಡ್ ಎರಡೂ ಒಂದೇ ಟಿಕೆಟಿನಲ್ಲಿ ಬರುತ್ತವೆ. ಮಕ್ಕಳ ದರ ವಯಸ್ಸನ್ನು ನೋಡದೆ ಎತ್ತರವನ್ನು ನೋಡುತ್ತದೆ, ಮನೆಯಲ್ಲೇ ಅಳೆದುಕೊಂಡು ಹೋಗಿ. ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾದಲ್ಲಿ ಮಾತ್ರ ಥೀಮ್ ಪಾರ್ಕ್ ಮತ್ತು ವಾಟರ್ ಪಾರ್ಕಿಗೆ ಬೇರೆ ಬೇರೆ ಟಿಕೆಟ್. ಕಾಸರಗೋಡಿನಿಂದ ನೇತ್ರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಪನ್ವೇಲ್‌ವರೆಗೆ ಹೋಗಿ ಅಲ್ಲಿಂದ ಕಾರು ಹಿಡಿಯುವವರು ಒಂದು ರಾತ್ರಿ ಉಳಿದು ಎರಡನ್ನು ಎರಡು ದಿನ ನೋಡಲಿ. ಇಡೀ ರಾತ್ರಿಯ ರೈಲು ಪ್ರಯಾಣದ ಮೇಲೆ ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಸಂಜೆಯ ಹೊತ್ತಿಗೆ ಮಕ್ಕಳು ರೈಡಿನಲ್ಲೇ ನಿದ್ದೆ ಹೋಗುತ್ತಾರೆ.

ಇನ್ನು ಕೊಳ್ಳುವ ಸಮಯ. ವೀಸಾ ಕೈಗೆ ಬರುವ ಮೊದಲು ದಿನಾಂಕ ನಿಗದಿಯಾದ ಟಿಕೆಟಿಗೆ ಹಣ ಕಟ್ಟಬೇಡಿ. ಅಮೆರಿಕದ ಪ್ರವಾಸಿ ವೀಸಾಕ್ಕೆ ಸಂದರ್ಶನದ ದಿನ ಸಿಗುವುದೇ ಹಲವೊಮ್ಮೆ ತಡ. ಒರ್ಲಾಂಡೊದಲ್ಲಿ ದಿನಾಂಕದ ಮೇಲೆ ದರವೂ ಬದಲಾಗುತ್ತದೆ. ವೀಸಾ ಬಂದ ದಿನವೇ ಕುಳಿತು, ನಿಮ್ಮ ರಜೆಯ ವಾರದಲ್ಲಿ ಯಾವ ದಿನ ಅಗ್ಗ ಎಂದು ಪಾರ್ಕಿನ ಅಧಿಕೃತ ಜಾಲತಾಣದ ಕ್ಯಾಲೆಂಡರಿನಲ್ಲಿ ನೋಡಿ. ಅಗ್ಗವಿರುವ ದಿನ ಹೆಚ್ಚಾಗಿ ಜನ ಕಡಿಮೆಯಿರುವ ದಿನವೂ ಆಗಿರುತ್ತದೆ.