ಫೈಲ್ ಹೆಸರಿಗೆ ಬಾಲ ಕಟ್ಟಬೇಡಿ

ಕಳೆದ ವಾರ ಉಡುಪಿಯಿಂದ ಒಬ್ಬರು ಫೋನ್ ಮಾಡಿದರು. "ನೀವು ಹೇಳಿದ ಫೈಲ್ ಹಾಕಿದ್ದೇವೆ ಮಾರಾಯ್ರೆ. ಆದ್ರೂ ಐಫೋನಲ್ಲಿ ಲಿಂಕ್ ಒತ್ತಿದ್ರೆ ಆ್ಯಪ್ ಬರುವುದಿಲ್ಲ, ಬ್ರೌಸರೇ ಬರ್ತದೆ."

"ಫೈಲಿಗೆ ಹೆಸರು ಎಂತ ಇಟ್ಟಿದ್ದೀರಿ?"

"ಕೊನೆಗೆ ಡಾಟ್ ಜೇಸನ್ ಸೇರಿಸಿದ್ದೇವೆ. ಇಲ್ಲದಿದ್ರೆ ಅದು ಡೌನ್‌ಲೋಡ್ ಆಗ್ತದಲ್ಲ!"

ಮಂಗಳೂರಿನಲ್ಲಿ ಕೂತು ಈ ಉತ್ತರವನ್ನು ಎಷ್ಟು ಸಲ ಕೇಳಿದ್ದೇನೋ. ಐಫೋನಿನಲ್ಲಿ ಸೈಟಿನ ಲಿಂಕ್ ಒತ್ತಿದಾಗ ಬ್ರೌಸರ್ ಬದಲು ಆ್ಯಪ್ ತೆರೆಯಬೇಕಾದರೆ ಸೈಟಿನಲ್ಲಿ ಒಂದು ಫೈಲ್ ಇರಬೇಕು. ಆ್ಯಪಲ್ ಹುಡುಕುವುದು ಚುಕ್ಕಿಯಿಂದ ಶುರುವಾಗುವ 'ವೆಲ್-ನೋನ್' ಫೋಲ್ಡರಿನ 'ಆ್ಯಪಲ್-ಆ್ಯಪ್-ಸೈಟ್-ಅಸೋಸಿಯೇಶನ್' ಎಂಬ ಫೈಲನ್ನು. ಅದಕ್ಕೆ ಬಾಲ, ಅಂದರೆ ಹೆಸರಿನ ಕೊನೆಗೆ ಡಾಟ್ ಜೇಸನ್‌ನಂಥ ಎಕ್ಸ್‌ಟೆನ್ಶನ್, ಇಲ್ಲ. ನೀವು ಬಾಲ ಕಟ್ಟಿದರೆ ಅವರಿಗೆ ಸಿಗುವುದು 404, ಅಂದರೆ 'ಅಂಥ ಫೈಲ್ ಇಲ್ಲ' ಎಂಬ ಉತ್ತರ. ಬಾಲವಿಲ್ಲದ ಹೆಸರಿಗೆ ಬಂದವರನ್ನು ಬಾಲವಿದ್ದ ಹೆಸರಿಗೆ ರೀಡೈರೆಕ್ಟ್ ಮಾಡುವ (ಅತ್ತ ಕಳಿಸುವ) ಉಪಾಯವೂ ನಡೆಯುವುದಿಲ್ಲ.

ಜನರನ್ನು ಬೈದು ಪ್ರಯೋಜನ ಇಲ್ಲ. ವಿಂಡೋಸಿನಲ್ಲಿ ಬಾಲ ನೋಡಿಯೇ ಫೈಲ್ ತೆರೆದು ಅಭ್ಯಾಸ. ಆದರೆ ವೆಬ್‌ನಲ್ಲಿ ಬ್ರೌಸರ್ ಮುಖ್ಯವಾಗಿ ನಂಬುವುದು ಸರ್ವರ್ ಕಳಿಸುವ 'ಕಂಟೆಂಟ್-ಟೈಪ್' ಹೆಡರನ್ನು, ಅಂದರೆ ಫೈಲಿನ ಜೊತೆ 'ಇದು ಇಂಥ ಬಗೆಯದು' ಎಂದು ಹೇಳುವ ಸಾಲನ್ನು. ಹೆಸರಿನ ಬಾಲ ನೋಡುವುದು ಸರ್ವರ್. ಅದರ ಹತ್ತಿರ ಒಂದು ಪಟ್ಟಿ ಇರುತ್ತದೆ, ಯಾವ ಬಾಲಕ್ಕೆ ಯಾವ ಟೈಪ್ ಅಂತ. ಬಾಲವೇ ಇಲ್ಲದಿದ್ದರೆ, 'ಡೀಫಾಲ್ಟ್' ಟೈಪ್ ಇಟ್ಟಿದ್ದಲ್ಲಿ ಅದು ಹೋಗುತ್ತದೆ. ಎಂಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶದ ಜೊತೆ ಬರುವ ಕಾನ್ಫಿಗ್‌ನಲ್ಲಿ ಅದು 'ಆ್ಯಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್'. ಅಂದರೆ ಸುಮ್ನೆ ಬೈಟುಗಳ ಮೂಟೆ. ಬ್ರೌಸರ್ ಅದನ್ನು ಡೌನ್‌ಲೋಡ್ ಮಾಡುತ್ತದೆ. ಫೈಲ್ ಹಾಳಾಗಿಲ್ಲ, ಅದೇನೆಂದು ಯಾರೂ ಹೇಳಿಲ್ಲ ಅಷ್ಟೇ.

ಹಾಗಾಗಿ ಹೇಳಿಬಿಡಿ. ಎಂಜಿನ್‌ಎಕ್ಸ್ ಆದರೆ ಆ ಒಂದು ವಿಳಾಸಕ್ಕೆ ಸಮ ಚಿಹ್ನೆಯ (=) 'ಲೊಕೇಶನ್' ಬರೆದು, ಒಳಗೆ ಡೀಫಾಲ್ಟ್ ಟೈಪ್ 'ಆ್ಯಪ್ಲಿಕೇಶನ್/ಜೇಸನ್' ಎಂದು ಕೊಡಿ. ಅಪಾಚೆ ಎಂಬ ಇನ್ನೊಂದು ಸರ್ವರಾದರೆ ಆ ಹೆಸರಿನ 'ಫೈಲ್ಸ್' ಬ್ಲಾಕಿನಲ್ಲಿ ಅದೇ ಟೈಪಿಗೆ 'ಫೋರ್ಸ್‌ಟೈಪ್'. ಎಂಜಿನ್‌ಎಕ್ಸ್‌ನ ಆ ಸಮ ಚಿಹ್ನೆಯಿಂದ ಇನ್ನೊಂದು ಲಾಭ: ಚುಕ್ಕಿಯಿಂದ ಶುರುವಾಗುವ ಫೋಲ್ಡರುಗಳನ್ನೆಲ್ಲ ತಡೆಯುವ ರೆಜೆಕ್ಸ್ (ಹೆಸರಿನ ಮಾದರಿ ನೋಡಿ ಹಿಡಿಯುವ) ಸಾಲು ನಿಮ್ಮಲ್ಲಿದ್ದರೆ (ಇರುತ್ತದೆ, ಯಾರೋ ಎಲ್ಲಿಂದಲೋ ಅಂಟಿಸಿರುತ್ತಾರೆ), ಅದು ಇದಕ್ಕೆ ಅಡ್ಡ ಬರುವುದಿಲ್ಲ.

ದಯವಿಟ್ಟು ಇಡೀ ಸೈಟಿನ ಡೀಫಾಲ್ಟನ್ನು 'ಟೆಕ್ಸ್ಟ್/ಎಚ್‌ಟಿಎಂಎಲ್' ಮಾಡಬೇಡಿ. ಒಬ್ಬರು ಮಾಡಿದ್ದರು. ಅವರ ಸೈಟಿಗೆ ಗಿರಾಕಿಗಳೂ ಫೈಲ್ ಅಪ್‌ಲೋಡ್ ಮಾಡುತ್ತಿದ್ದರು. ಬಾಲವಿಲ್ಲದ ಫೈಲೊಳಗೆ ಯಾರಾದರೂ ಸ್ಕ್ರಿಪ್ಟ್ ತುಂಬಿಸಿ ಕಳಿಸಿದ್ದರೆ, ಅದು ಅವರದೇ ಸೈಟಿನ ಪುಟವಾಗಿ ಓಡುತ್ತಿತ್ತು. ಪುಣ್ಯಕ್ಕೆ ಹಾಗಾಗಲಿಲ್ಲ.

ಬದಲಿಸಿದ ಮೇಲೆ ಬ್ರೌಸರಿನಲ್ಲಿ ನೋಡಿ ತೀರ್ಮಾನಿಸಬೇಡಿ, ಕ್ಯಾಶೆ, ಅಂದರೆ ಅದು ಉಳಿಸಿಟ್ಟುಕೊಂಡ ಹಳೆ ಪ್ರತಿ, ಮೋಸ ಮಾಡುತ್ತದೆ. ಕಮಾಂಡ್ ಸಾಲಿನಲ್ಲಿ 'ಕರ್ಲ್ ಮೈನಸ್ ಐ' ಹೊಡೆದು ಹೆಡರನ್ನೇ ಓದಿ. ಫೋನಿನಲ್ಲಿ ಕೂಡಲೇ ಸರಿಯಾಗದಿರಬಹುದು. ಐಒಎಸ್ 14ರಿಂದ ಈ ಫೈಲನ್ನು ಸಾಮಾನ್ಯವಾಗಿ ಆ್ಯಪಲ್‌ನ ಸಿಡಿಎನ್ (ಪ್ರತಿ ಹಂಚುವ ಸರ್ವರುಗಳ ಜಾಲ) ತಂದಿಟ್ಟುಕೊಂಡು ಹಂಚುತ್ತದೆ; ಅಲ್ಲಿ ಸ್ವಲ್ಪ ಹೊತ್ತು ಹಳೆಯದೇ ಇರಬಹುದು. ಉಡುಪಿಯವರಿಗೂ ಇದನ್ನೇ ಹೇಳಿದೆ. ಅರ್ಧ ಗಂಟೆಗೆ ಮತ್ತೆ ಫೋನ್: "ಇನ್ನೂ ಆಗ್ಲಿಲ್ಲ. ಡಾಟ್ ಜೇಸನ್ ವಾಪಸ್ ಹಾಕ್ಲಾ?"